ಸಾಣೆ ಹಿಡಿಸಬೇಡಿ, ಮೊದಲು ನೋಡಿ

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು ಹಳೆಯ ಜಪಾನಿ ಕತ್ತಿಗೆ ಅಷ್ಟು ಬೆಲೆ ಯಾಕೆ ಅಂತ ಕೇಳಿದ್ದರು. ಅದರ ಉಕ್ಕಿನ ಕೆಲಸ ನೋಡಿದರೆ ಗೊತ್ತಾಗುತ್ತದೆ ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಪತ್ರದ ಮೇಲೆ ಪತ್ರ ಬಂದಿದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಕತ್ತಿಗೇ ಮೀಸಲು.

ಹೊಸ ಓದುಗರಿಗೆ ಒಂದು ಮಾತು. ನಾನು ತುಮಕೂರಿನವನು. ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಹೀಟ್ ಟ್ರೀಟ್‌ಮೆಂಟ್ ಸೆಕ್ಷನ್‌ನಲ್ಲಿ ಕೆಲಸ ಮಾಡಿದವನು. ಉಕ್ಕು ಕಾಯಿಸೋದು, ತಣಿಸೋದು, ಹದ ನೋಡೋದು ನನ್ನ ಹೊಟ್ಟೆಪಾಡಾಗಿತ್ತು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಗಡಿಯಾರದ ಕೆಲಸ ಶುರು ಮಾಡಿತು. ಹಾಗಾಗಿ ಜಪಾನ್ ನೋಡಿ ಬಂದ ಹಿರಿಯರು ನಮ್ಮ ನಡುವೆ ಇದ್ದರು. ಅವರ ಮಾತು ಕೇಳಿಯೇ ನನಗೆ ಈ ಕತ್ತಿಗಳ ಹುಚ್ಚು ಹಿಡಿದಿದ್ದು.

ಪ್ರಶ್ನೆ: ಸರ್, ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದರು. ಬರುವಾಗ ಒಂದು ಜಪಾನಿ ಕತ್ತಿ ತಂದಿದ್ದರಂತೆ. ಮನೆ ರಿಪೇರಿ ಮಾಡಿಸುವಾಗ ಅದು ಅಟ್ಟದ ಮೇಲೆ ಸಿಕ್ಕಿತು. ಅಲಗಿನಲ್ಲಿ ಅಲ್ಲಲ್ಲಿ ತುಕ್ಕು ಇದೆ. ಆಯುಧಪೂಜೆ ಹೊತ್ತಿಗೆ ಸಾಣೆ ಹಿಡಿಸಿ ಪಳಪಳ ಅನ್ನಿಸೋಣ ಅಂತಾರೆ ಸೋದರಮಾವ. ಮಾಡಿಸಬಹುದಾ? ಇದು ಎಷ್ಟು ಹಳೆಯದು ಅಂತ ತಿಳಿಯೋದು ಹೇಗೆ? — ಶಿರಾ

ಉತ್ತರ: ಬೇಡ. ದಯವಿಟ್ಟು ಮಾವನವರನ್ನು ಹೇಗಾದರೂ ಒಪ್ಪಿಸಿ ನಿಲ್ಲಿಸಿ. ಮಿಕ್ಕಿದ್ದೆಲ್ಲ ಆಮೇಲೆ.

ಸಾಣೆ ಚಕ್ರಕ್ಕೆ ಕೊಟ್ಟರೆ ಏನಾಗುತ್ತದೆ ಗೊತ್ತಾ? ಚಕ್ರ ತಿರುಗುವಾಗ ಕಿಡಿ ಹಾರುತ್ತದಲ್ಲ, ಆ ಬಿಸಿಗೆ ಅಲಗಿನ ಬಾಯಿಯ ಹದ ಇಳಿಯುತ್ತದೆ. ಗಟ್ಟಿ ಉಕ್ಕು ಮೆದುವಾಗುತ್ತದೆ. ಮೇಲಿನ ಲೋಹ ಸವೆದು ಅಲಗಿನ ಏಣುಗಳು ಉರುಟಾಗುತ್ತವೆ. ಒಮ್ಮೆ ಹೋದದ್ದು ವಾಪಸ್ ಬರಲ್ಲ. ಜಪಾನಿನಲ್ಲಿ ಕತ್ತಿ ಮಾಡುವವನು ಬೇರೆ, ಅದನ್ನು ಉಜ್ಜುವವನು ಬೇರೆ. ಉಜ್ಜೋದೇ ವರ್ಷಗಟ್ಟಲೆ ಕಲಿಯುವ ವಿದ್ಯೆ. ನೀರು ಹಾಕಿಕೊಂಡು ಒಂದೊಂದೇ ಕಲ್ಲಿನ ಮೇಲೆ ಕೈಯಲ್ಲೇ ಉಜ್ಜುತ್ತಾರೆ. ಕೊನೆಗೆ ಉಗುರಿನಷ್ಟು ತೆಳು ಕಲ್ಲಿನ ಚೂರನ್ನು ಹೆಬ್ಬೆರಳಿನ ಕೆಳಗೆ ಇಟ್ಟುಕೊಂಡು ಒಂದೊಂದೇ ಅಂಗುಲ ತೀಡುತ್ತಾರೆ. ಇಷ್ಟಾದರೂ ಪ್ರತಿ ಸಲ ಒಂದಿಷ್ಟು ಉಕ್ಕು ಹೋಗಿಯೇ ಹೋಗುತ್ತದೆ. ಅದಕ್ಕೇ ಅಲ್ಲಿನವರು ತೀರಾ ಬೇಕು ಅನ್ನಿಸಿದರೆ ಮಾತ್ರ ಉಜ್ಜಿಸುತ್ತಾರೆ.

ಈಗ ಅದರ ವಯಸ್ಸಿನ ವಿಚಾರ. ಕತ್ತಿಯ ಹಿಡಿ ನೋಡಿ. ಹಿಡಿ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು, ದಾರ ಸುತ್ತಿದ ಹಾಗೆ ಬಣ್ಣ ಬಳಿದಿದೆಯಾ? ಅಲಗನ್ನು ಹಿಡಿಗೆ ಸ್ಕ್ರೂ ಹಾಕಿ ಕೂರಿಸಿದ್ದಾರಾ? ಅಲಗಿನ ಮೇಲೆ ಹಿಡಿಯ ಹತ್ತಿರ ನಂಬರು ಕೊರೆದಿದೆಯಾ? ಹಾಗಿದ್ದರೆ ಅದು 1935ರ ಮಾದರಿಯ ಮಿಲಿಟರಿ ಕತ್ತಿ. ಹವಾಲ್ದಾರ್ ದರ್ಜೆಯವರಿಗೆ ಕೊಡಲು ಮಿಷನ್ನಿನಲ್ಲಿ ಮಾಡಿದ್ದು. ಯುದ್ಧದ ನೆನಪಿನ ವಸ್ತುವಾಗಿ ಅದಕ್ಕೂ ಬೆಲೆ ಇದೆ. ಆದರೆ ಅದರಲ್ಲಿ ನಾನು ಹೇಳುವ ಉಕ್ಕಿನ ಕೆಲಸ ಸಿಗಲ್ಲ.

ಹಿಡಿ ಮರದ್ದಾಗಿ, ಮೇಲೆ ಮೀನಿನ ಒರಟು ಚರ್ಮ, ಅದರ ಮೇಲೆ ಪಟ್ಟಿ ಸುತ್ತಿದ್ದರೆ ಅಧಿಕಾರಿಯ ಕತ್ತಿ ಇರಬಹುದು. ಹಿಡಿಯಲ್ಲಿ ಒಂದು ಬಿದಿರಿನ ಗೂಟ ಕಾಣುತ್ತದೆ. ಇಂಥ ಕತ್ತಿಯಲ್ಲಿ ಏನು ಬೇಕಾದರೂ ಇರಬಹುದು. 1930ರಿಂದ ಆಚೆಗೆ ಅಧಿಕಾರಿಗಳ ಕತ್ತಿಗೆ ಬಳಸಿದ ಅಲಗುಗಳಲ್ಲಿ ಹೆಚ್ಚಿನವು ಕಾರ್ಖಾನೆ ಉಕ್ಕಿನವು, ಎಣ್ಣೆಯಲ್ಲಿ ಅದ್ದಿ ಹದ ಮಾಡಿದವು. ಆದರೆ ಕೆಲವು ಅಧಿಕಾರಿಗಳು ಮನೆತನದ ಹಳೆಯ ಅಲಗಿಗೆ ಮಿಲಿಟರಿ ಹಿಡಿ, ಮಿಲಿಟರಿ ಒರೆ ಹಾಕಿಸಿಕೊಂಡು ಯುದ್ಧಕ್ಕೆ ಹೋಗಿದ್ದರು. ಹೊರಗಿನ ವೇಷ 1940ರದ್ದು, ಒಳಗಿನ ಅಲಗು ಮುನ್ನೂರು ವರ್ಷ ಹಿಂದಿನದು. ಹೀಗೂ ಆಗಿದೆ.

ಅದು ಗೊತ್ತಾಗೋದು ಹಿಡಿ ಬಿಚ್ಚಿದಾಗಲೇ. ಹಿಡಿಯೊಳಗೆ ಕೂರುವ ಅಲಗಿನ ತುದಿಗೆ ನಾಕಾಗೋ ಅನ್ನುತ್ತಾರೆ. ಮಾಡಿದವನು ತನ್ನ ಹೆಸರನ್ನು ಉಳಿಯಿಂದ ಕೊರೆಯೋದು ಅಲ್ಲೇ. ಒಂದು ಪಕ್ಕದಲ್ಲಿ ಹೆಸರು, ಇನ್ನೊಂದು ಪಕ್ಕದಲ್ಲಿ ಎಷ್ಟೋ ಸಲ ಇಸವಿ. ಇಸವಿ ಶೋವಾ 17 ಅಂತಿದ್ದರೆ (ಶೋವಾ ಅನ್ನೋದು ಆಗಿನ ಚಕ್ರವರ್ತಿಯ ಆಳ್ವಿಕೆಯ ಎಣಿಕೆ) ಅದಕ್ಕೆ 1925 ಕೂಡಿಸಿ, 1942 ಬರುತ್ತದೆ. ನಕ್ಷತ್ರದ ಸಣ್ಣ ಮುದ್ರೆ ಇದ್ದರೆ ಖುಷಿಪಡಿ. ಅದು ಯುದ್ಧಕಾಲದ್ದೇ ಆದರೂ ಸೈನ್ಯ ಒಪ್ಪಿದ ಕಮ್ಮಾರ ಹಳೆಯ ಪದ್ಧತಿಯಲ್ಲೇ ಬಡಿದದ್ದು.

ಒಂದು ವಿಚಾರ ಮಾತ್ರ ಒತ್ತಿ ಹೇಳುತ್ತೇನೆ. ನಾಕಾಗೋ ಮೇಲಿನ ತುಕ್ಕು ಮುಟ್ಟಬೇಡಿ. ಉಪ್ಪುಕಾಗದ ಬೇಡ, ಹುಣಸೆಹುಳಿ ಬೇಡ, ಸೀಮೆಎಣ್ಣೆಯೂ ಬೇಡ. ಶತಮಾನಗಳ ತುಕ್ಕು ಕಪ್ಪಗೆ, ಕಂದು ಛಾಯೆಯಲ್ಲಿ, ನುಣುಪಾಗಿ ಕೂತಿರುತ್ತದೆ. ಹೊಸ ತುಕ್ಕು ಕೆಂಪಗೆ ಪುಡಿಪುಡಿ. ಬಲ್ಲವರು ವಯಸ್ಸು ಅಳೆಯೋದು ಆ ಬಣ್ಣ ನೋಡಿ, ಅರದ ಗೀರು ಯಾವ ಓರೆಯಲ್ಲಿವೆ ಅಂತ ನೋಡಿ. ಅದನ್ನು ತಿಕ್ಕಿ ಬೆಳ್ಳಗೆ ಮಾಡಿದರೆ ಕತ್ತಿಯ ಜನ್ಮಪತ್ರವನ್ನೇ ಅಳಿಸಿದ ಹಾಗೆ.

ಹಿಡಿ ಬಿಗಿಯಾಗಿ ಕೂತಿದ್ದರೆ ನೀವೇ ಬಡಿದು ಬಿಚ್ಚೋಕೆ ಹೋಗಬೇಡಿ. ಒರೆಯಿಂದ ಎಳೆಯುವಾಗ ಅಲಗಿನ ಬಾಯಿ ಮೇಲಕ್ಕಿರಲಿ. ಒರೆಯ ಬಾಯಿ ಸುತ್ತ ಬೆರಳು ಹಿಡಿಯಬೇಡಿ. ಒರೆಯ ಒಳಗಿನ ಮರ ಸೀಳಿದ್ದರೆ ಬೆರಳು ಹೋಗುತ್ತದೆ. ಮಕ್ಕಳು ಹತ್ತಿರ ಇರಬಾರದು.

ಸದ್ಯಕ್ಕೆ ಇಷ್ಟು ಮಾಡಿ. ಒಗೆದು ಒಣಗಿಸಿದ ಮೆತ್ತನೆ ಹತ್ತಿಬಟ್ಟೆಗೆ ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಹಾಕಿ. ಬೆನ್ನಿನ ಕಡೆಯಿಂದ ಹಿಡಿದು, ಹಿಡಿಯಿಂದ ಮೊನೆ ಕಡೆಗೆ ಹಗುರವಾಗಿ ಸವರಿ. ತುಕ್ಕನ್ನು ಉಜ್ಜಬೇಡಿ, ಎಣ್ಣೆ ಕೂತರೆ ಸಾಕು, ಅದು ಮುಂದೆ ಹರಡಲ್ಲ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಅಲಗನ್ನು ಬರಿ ಬೆರಳಿಂದ ಮುಟ್ಟಬೇಡಿ, ಬೆವರಿನ ಉಪ್ಪಿಗೆ ಬೆರಳಚ್ಚು ಹಾಗೇ ತುಕ್ಕಾಗಿ ಮೂಡುತ್ತದೆ.

ಇನ್ನು ಆಯುಧಪೂಜೆ. ಪೂಜೆ ಮಾಡಿ, ಖಂಡಿತ ಮಾಡಿ. ತಾತನ ವಸ್ತು ಅದು. ಆದರೆ ಒರೆಯಲ್ಲೇ ಇಟ್ಟು, ಒರೆಗೆ ಹೂವು ಏರಿಸಿ. ಅಲಗಿಗೆ ಅರಿಶಿನ ಕುಂಕುಮ ಕಲಸಿ ಹಚ್ಚೋದು, ಅದರಿಂದ ನಿಂಬೆಹಣ್ಣು ಕುಯ್ಯೋದು ಬೇಡ. ನಿಂಬೆರಸ ಒಂದು ರಾತ್ರಿ ಉಳಿದರೆ ಅಲಗಿನಲ್ಲಿ ಕಲೆ ಬೀಳುತ್ತದೆ.

ಪ್ರಶ್ನೆ: ಇಂಥ ಕತ್ತಿ ಮನೆಯಲ್ಲಿ ಇಟ್ಟುಕೊಂಡರೆ ಪೊಲೀಸ್ ಕೇಸ್ ಆಗುತ್ತಾ? ಜಪಾನಿಗೆ ಕಳಿಸಿ ಉಜ್ಜಿಸಿ ತರಿಸಬಹುದಾ? — ಗುಬ್ಬಿ

ಉತ್ತರ: ಒಳ್ಳೆಯ ಪ್ರಶ್ನೆ, ಎಲ್ಲರೂ ಕೇಳಬೇಕಾದ್ದು. 1959ರ ಆಯುಧ ಕಾಯ್ದೆ ಬಂದೂಕಿಗಷ್ಟೇ ಅಲ್ಲ, ಹರಿತ ಆಯುಧಕ್ಕೂ ಸೇರಿದ್ದು. ಮನೆಗೆಲಸ, ಬೇಸಾಯ, ಕಾರ್ಖಾನೆ ಕೆಲಸದ್ದಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು ಆಯುಧದ ಪಟ್ಟಿಗೆ ಬರುತ್ತದೆ. ಕತ್ತಿಯಂತೂ ಹೆಸರು ಹೇಳಿಯೇ ಸೇರಿದೆ. ಲೈಸೆನ್ಸ್ ಬೇಕಾ ಬೇಡವಾ ಅನ್ನೋದು ಆ ಪ್ರದೇಶಕ್ಕೆ ಸರ್ಕಾರ ಹೊರಡಿಸಿದ ಅಧಿಸೂಚನೆಯ ಮೇಲೆ ನಿಂತಿದೆ. ಹಾಗಾಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆಯುಧ ಲೈಸೆನ್ಸ್ ನೋಡುವವರನ್ನು ಕೇಳಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಹೊರದೇಶದಿಂದ ಕತ್ತಿ ತರಿಸಬೇಕಾದರೆ ಮೊದಲೇ ಲೈಸೆನ್ಸ್ ಬೇಕು. ಪಾರ್ಸೆಲ್ ಬಂದ ಮೇಲೆ ನೋಡಿಕೊಳ್ಳೋಣ ಅನ್ನಬೇಡಿ.

ಕಳಿಸೋದು ಇನ್ನೂ ಬಿಗಿ. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಗೆ ಸಿಕ್ಕಬಹುದು. ಸಿಕ್ಕಿದರೆ ಖಾಸಗಿಯವರು ದೇಶದಿಂದ ಆಚೆ ಕಳಿಸುವಂತಿಲ್ಲ. ಮೊದಲು ಭಾರತೀಯ ಪುರಾತತ್ವ ಇಲಾಖೆಯ ಮಾತು ಕೇಳಿ. ಇನ್ನೊಂದು ತುದಿಯಲ್ಲಿ ಜಪಾನ್ ಇದೆ. ಅಲ್ಲಿ ಹಳೆಯ ಪದ್ಧತಿಯ ಅಲಗಿಗೆ ಮಾತ್ರ ನೋಂದಣಿ ಪತ್ರ ಸಿಗೋದು. ಯುದ್ಧಕಾಲದ ಮಿಷನ್ ಕತ್ತಿ ಕಳಿಸಿದರೆ ಅವರು ನೋಂದಾಯಿಸಲ್ಲ, ನಿಮಗೆ ವಾಪಸ್ ಬರುತ್ತದೆ ಅನ್ನುವ ನಂಬಿಕೆಯೂ ಇಲ್ಲ.

ಪ್ರಶ್ನೆ: ಅಂಕಲ್, ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದೇನೆ. ಜಪಾನಿ ಕತ್ತಿಯ ಉಕ್ಕನ್ನು ಸಾವಿರಾರು ಸಲ ಮಡಚುತ್ತಾರೆ, ಅದಕ್ಕೇ ಅದು ಲೋಕದಲ್ಲೇ ಗಟ್ಟಿ ಅಂತ ವಿಡಿಯೊದಲ್ಲಿ ಹೇಳುತ್ತಾರೆ. ನಿಜವಾ? — ತುಮಕೂರು

ಉತ್ತರ: ಸಾವಿರಾರು ಸಲ ಅಲ್ಲ ತಮ್ಮಾ. ಹತ್ತರಿಂದ ಹದಿನೈದು ಸಲ. ನೀನೇ ಲೆಕ್ಕ ಹಾಕು. ಪ್ರತಿ ಸಲ ಮಡಚಿದರೆ ಪದರ ಎರಡು ಪಟ್ಟು. ಹತ್ತು ಸಲಕ್ಕೆ 1,024. ಹದಿನೈದಕ್ಕೆ 32,768. ಸಾವಿರಾರು ಅನ್ನೋದು ಪದರದ ಸಂಖ್ಯೆ.

ಮಡಚೋದು ಯಾಕೆ ಅಂತ ತಿಳಿಯಬೇಕಾದರೆ ಉಕ್ಕು ಹುಟ್ಟುವ ಜಾಗಕ್ಕೆ ಹೋಗಬೇಕು. ಜಪಾನಿನ ಶಿಮಾನೆ ಪ್ರಾಂತ್ಯದಲ್ಲಿ ಒಕುಇಜುಮೊ ಅಂತ ಊರಿದೆ. ಅಲ್ಲಿ ಚಳಿಗಾಲದಲ್ಲಿ ತಾತಾರಾ ಅನ್ನುವ ಕುಲುಮೆ ಹೊತ್ತಿಸುತ್ತಾರೆ. ಮಣ್ಣಿನಿಂದ ಕಟ್ಟಿದ, ತೊಟ್ಟಿಯಂಥ ಉದ್ದನೆಯ ಒಲೆ. ಅದಕ್ಕೆ ಕಬ್ಬಿಣದ ಮರಳು ಒಂದು ಸಲ, ಇದ್ದಿಲು ಒಂದು ಸಲ, ಹೀಗೆ ಮೂರು ಹಗಲು ಮೂರು ರಾತ್ರಿ ಬಿಡದೆ ಸುರಿಯುತ್ತಾರೆ. ಸುಮಾರು 10 ಟನ್ ಮರಳು, 12 ಟನ್ ಇದ್ದಿಲು. ಕೊನೆಗೆ ಒಲೆಯನ್ನೇ ಒಡೆದು, ತಳದಲ್ಲಿ ಕೂತ ಉಕ್ಕಿನ ದೊಡ್ಡ ಗಟ್ಟಿಯನ್ನು ಎಳೆಯುತ್ತಾರೆ. ಎರಡೂವರೆ ಟನ್ನಿನ ಆ ಗಟ್ಟಿಯಲ್ಲಿ ಕತ್ತಿಗೆ ಆಗುವ ಒಳ್ಳೆಯ ಉಕ್ಕು ಒಂದು ಟನ್ನಿಗೂ ಕಡಿಮೆ. ಅದರ ಹೆಸರು ತಾಮಾಹಾಗಾನೆ. ಯುದ್ಧ ಮುಗಿದ ಮೇಲೆ ಈ ಕೆಲಸ ನಿಂತೇ ಹೋಗಿತ್ತು. 1948ರಲ್ಲಿ ಶುರುವಾದ ಕತ್ತಿ ಸಂರಕ್ಷಣಾ ಸಂಘದವರು 1977ರಲ್ಲಿ ಇದನ್ನು ಮತ್ತೆ ಹೊತ್ತಿಸಿದರು.

ಆ ಉಕ್ಕು ಎಲ್ಲ ಕಡೆ ಒಂದೇ ಸಮ ಇರಲ್ಲ. ಒಂದು ಚೂರಿನಲ್ಲಿ ಇಂಗಾಲ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ, ನಡುವೆ ಕಿಟ್ಟ. ಕಾಯಿಸಿ ಬಡಿದು ಮಡಚಿದಂತೆ ಕಿಟ್ಟ ಸಿಡಿದು ಹೋಗುತ್ತದೆ, ಇಂಗಾಲ ಸಮನಾಗಿ ಹರಡುತ್ತದೆ. ಪ್ರತಿ ಸಲ ಬೆಂಕಿಗಿಟ್ಟಾಗ ಒಂದಿಷ್ಟು ಇಂಗಾಲ ಉರಿದೂ ಹೋಗುತ್ತದೆ. ಒಂದೂಕಾಲು ಪರ್ಸೆಂಟ್ ಹತ್ತಿರ ಇದ್ದದ್ದು ಕೊನೆಗೆ 0.7ರ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಮಡಚುತ್ತಾ ಹೋದರೆ ಹದ ಹಿಡಿಯದ ಮೆದು ಕಬ್ಬಿಣ ಉಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋದೇ ಕಮ್ಮಾರನ ಹೆಚ್ಚುಗಾರಿಕೆ.

ಲೋಕದಲ್ಲೇ ಗಟ್ಟಿ ಅನ್ನೋದು ಸುಮ್ನೆ ಮಾತು. ನಿನ್ನ ವರ್ಕ್‌ಶಾಪಿನ ಲೇತ್ ಟೂಲ್ ಅದಕ್ಕಿಂತ ಗಟ್ಟಿ. ಮರಳು, ಇದ್ದಿಲು, ಮಣ್ಣು, ನೀರು ಇಷ್ಟರಲ್ಲೇ, ಥರ್ಮಾಮೀಟರ್ ಇಲ್ಲದೆ, ಒಂದೇ ಅಲಗಿನಲ್ಲಿ ಬಾಯಿ ಗಟ್ಟಿ, ಬೆನ್ನು ಮೆದು ಮಾಡಿದರಲ್ಲ, ಅದನ್ನು ನೋಡು. ಬಾಯಿ ಹರಿತ ಉಳಿಸಿಕೊಳ್ಳುತ್ತದೆ, ಬೆನ್ನು ಪೆಟ್ಟು ತಡೆಯುತ್ತದೆ.

ಅದು ಹೇಗೆ ಅಂದರೆ, ಬಡಿದು ಮುಗಿದ ಅಲಗಿಗೆ ಜೇಡಿಮಣ್ಣು, ಇದ್ದಿಲುಪುಡಿ, ಕಲ್ಲಿನಪುಡಿ ಕಲಸಿ ಬಳಿಯುತ್ತಾರೆ. ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ತಕ್ಷಣ ತಣಿದು ಮಾರ್ಟೆನ್ಸೈಟ್ ಅನ್ನುವ ಗಟ್ಟಿ ರೂಪಕ್ಕೆ ಬರುತ್ತದೆ, ಬೆನ್ನು ನಿಧಾನಕ್ಕೆ ತಣಿದು ಪರ್ಲೈಟ್ ಅನ್ನುವ ಮೆದು ರೂಪಕ್ಕೆ ಬರುತ್ತದೆ. ಈ ಎರಡು ಹೆಸರು ನಿನ್ನ ಪುಸ್ತಕದಲ್ಲೇ ಇವೆ. ಮಾರ್ಟೆನ್ಸೈಟ್ ಜಾಗ ಜಾಸ್ತಿ ತಿನ್ನುತ್ತದೆ, ಹಾಗಾಗಿ ಬಾಯಿ ಹಿಗ್ಗಿ ಅಲಗು ಬೆನ್ನಿನ ಕಡೆ ಬಾಗುತ್ತದೆ. ಆ ಚಂದದ ಬಾಗು ಇದೆಯಲ್ಲ, ಅದರಲ್ಲಿ ಒಂದು ಪಾಲು ನೀರಿನೊಳಗೇ ಹುಟ್ಟಿದ್ದು. ಎಷ್ಟೋ ಅಲಗು ಅದೇ ಕ್ಷಣದಲ್ಲಿ ಬಿರುಕು ಬಿಟ್ಟು ತಿಂಗಳ ಕೆಲಸ ಹಾಳಾಗುತ್ತದೆ. ಕಾದ ಬಣ್ಣ ಕಣ್ಣಿಗೆ ಸರಿಯಾಗಿ ಕಾಣಲಿ ಅಂತ ಈ ಕೆಲಸವನ್ನು ಕತ್ತಲಲ್ಲಿ ಮಾಡುತ್ತಾರೆ. ಕಾರ್ಖಾನೆಯಲ್ಲಿ ನಮಗೆ ಫರ್ನೇಸಿನ ಮೀಟರ್ ಇತ್ತು. ಆದರೂ ಬಾಗಿಲು ತೆಗೆದಾಗ ಕಣ್ಣು ಮೊದಲು ಹೋಗುತ್ತಿದ್ದದ್ದು ಬಣ್ಣದ ಕಡೆಗೇ. ಹಾಗಾಗಿ ಆ ಕಮ್ಮಾರರ ಬಗ್ಗೆ ನನಗೆ ಇರುವ ಗೌರವ ಪುಸ್ತಕದಿಂದ ಬಂದದ್ದಲ್ಲ.

ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕಿ. ಕತ್ತಿಯನ್ನು ಕಲೆ ಅಂತ ನೋಡೋದು ನನಗೆ ಕಷ್ಟ. ಕೊಲ್ಲುವ ವಸ್ತುವಿನಲ್ಲಿ ನೋಡೋಕೆ ಏನಿದೆ? ಎಲ್ಲಿ ನೋಡಬೇಕು? — ಚಿಂತಾಮಣಿ

ಉತ್ತರ: ಮೇಡಂ, ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಅದು ಆಯುಧ ಅನ್ನೋದನ್ನು ನಾನು ಮರೆಮಾಚಲ್ಲ. ಆದರೆ 1876ರಲ್ಲಿ ಜಪಾನ್ ಸರ್ಕಾರ ಜನ ಕತ್ತಿ ಕಟ್ಟಿಕೊಂಡು ಓಡಾಡೋದನ್ನೇ ನಿಷೇಧಿಸಿತು. ಆಮೇಲೂ ಅಲ್ಲಿನ ಮನೆಗಳು ಹಳೆಯ ಅಲಗುಗಳನ್ನು ಜೋಪಾನ ಮಾಡಿದ್ದು ಹೊಡೆದಾಡೋಕೆ ಅಲ್ಲವಲ್ಲ. ನೋಡೋಕೆ.

ಎಲ್ಲಿ ನೋಡಬೇಕು ಅಂದಿರಿ. ಟ್ಯೂಬ್‌ಲೈಟ್ ಆರಿಸಿ. ಒಂದೇ ಒಂದು ಬಲ್ಬ್ ಇರಲಿ, ಸ್ವಲ್ಪ ದೂರದಲ್ಲಿ, ಕಣ್ಣಿನ ಮಟ್ಟಕ್ಕೆ. ಅಲಗನ್ನು ಬಲ್ಬಿನ ಕಡೆ ಚಾಚಿ, ಬೆಳಕು ಅಲಗಿನ ಮೇಲೆ ಬಿದ್ದು ಕಣ್ಣಿಗೆ ಬರುವ ಹಾಗೆ ಮೆಲ್ಲಗೆ ಓರೆ ಮಾಡಬೇಕು. ಮೊದಲು ಬರೀ ಉಕ್ಕು. ಇನ್ನೊಂದು ಕೂದಲೆಳೆಯಷ್ಟು ಓರೆ ಮಾಡಿದರೆ ಬಾಯಿಯ ಉದ್ದಕ್ಕೂ ಬೆಳ್ಳನೆ ಗೆರೆಯೊಂದು ಎದ್ದು ಬರುತ್ತದೆ. ಅದೇ ಹಾಮೊನ್. ಗಟ್ಟಿ ಉಕ್ಕು ಮುಗಿದು ಮೆದು ಉಕ್ಕು ಶುರುವಾಗುವ ಗಡಿ. ಯಾರೂ ಬಣ್ಣ ಬಳಿದದ್ದಲ್ಲ, ಕೊರೆದದ್ದಲ್ಲ. ಬೆಂಕಿಗೆ ಹಾಕುವ ಮೊದಲು ಕಮ್ಮಾರ ಹಸಿಮಣ್ಣನ್ನು ಹೇಗೆ ಬಳಿದನೋ ಆ ಕೈಚಳಕ ಉಕ್ಕಿನೊಳಗೆ ಉಳಿದುಬಿಟ್ಟಿದೆ. ಕೆಲವರದ್ದು ನೇರ ಗೆರೆ. ಕೆಲವರದ್ದು ಅಲೆ. ಬಿಝೆನ್ ಅನ್ನುವ ಸೀಮೆಯ ಕಡೆಯವರದ್ದು ಎಷ್ಟೋ ಸಲ ಏರಿಳಿದು, ಲವಂಗದ ಮೊಗ್ಗಿನ ಸಾಲು ಕಾಣುತ್ತದೆ. ಅದಕ್ಕೆ ಅವರು ಇಟ್ಟ ಹೆಸರೂ ಲವಂಗದ್ದೇ.

ಆ ಗೆರೆಯನ್ನು ಇನ್ನೂ ಹತ್ತಿರದಿಂದ, ಭೂತಗನ್ನಡಿಯಲ್ಲಿ ನೋಡಿ. ಕೆಲವು ಅಲಗಿನಲ್ಲಿ ಬಿಡಿಬಿಡಿ ಹೊಳೆಯುವ ಕಣ ಕಾಣುತ್ತವೆ, ಒಂದೊಂದನ್ನೂ ಎಣಿಸಬಹುದು. ಅದಕ್ಕೆ ನಿಎ ಅನ್ನುತ್ತಾರೆ. ಕೆಲವದರಲ್ಲಿ ಕಣ ಕಾಣಲ್ಲ, ಬರೀ ಬಿಳಿಯ ಮಸುಕು. ಅದು ನಿಓಯಿ. ಎರಡೂ ಅದೇ ಮಾರ್ಟೆನ್ಸೈಟ್, ದಪ್ಪ ಸಣ್ಣ ಅಷ್ಟೇ ವ್ಯತ್ಯಾಸ. ಸೋಶು ಪರಂಪರೆಯ ಮಾಸಾಮುನೆ ಅನ್ನುವ ಹಳೆಯ ಕಮ್ಮಾರನಿಗೆ ಅಷ್ಟು ಹೆಸರು ಬಂದದ್ದು ಈ ನಿಎ ಕೆಲಸಕ್ಕೆ.

ಗೆರೆ ಬಿಟ್ಟು ಮೇಲಕ್ಕೆ, ಬೆನ್ನಿನ ಕಡೆ ಬನ್ನಿ. ಉಕ್ಕಿನ ಮೈಯಲ್ಲಿ ನವಿರಾದ ಎಳೆಗಳು. ಮಡಚಿದ ಪದರಗಳ ಗುರುತು ಅವು. ನೇರ ಓಡುವ ಎಳೆ ಯಾಮಾತೊ ಕಡೆಯವರದ್ದು. ಗಂಟುಗಂಟಾಗಿ ಸುತ್ತುವ ಎಳೆ ಬೇರೆಯವರದ್ದು. ಯಾಮಾಶಿರೊ, ಯಾಮಾತೊ, ಬಿಝೆನ್, ಸೋಶು, ಮಿನೊ ಅಂತ ಐದು ಪರಂಪರೆ. ಪಳಗಿದವರು ಹೆಸರು ಕಾಣದ ಅಲಗನ್ನು ಕೈಗೆ ಕೊಟ್ಟರೂ ಬಾಗು, ಎಳೆ, ಗೆರೆ ನೋಡಿಯೇ ಇದು ಇಂಥ ಕಡೆಯದು, ಇಂಥ ಕಾಲದ್ದು ಅನ್ನುತ್ತಾರೆ. ಜಪಾನಿನಲ್ಲಿ ಇದನ್ನೇ ಸ್ಪರ್ಧೆ ಇಟ್ಟು ಆಡುತ್ತಾರೆ. ಹಿಡಿಯ ಕಡೆ ಬಟ್ಟೆ ಸುತ್ತಿ ಹೆಸರು ಮುಚ್ಚಿ ಅಲಗು ಮಾತ್ರ ಕೊಡುತ್ತಾರೆ. ನೋಡುವಾಗ ಮಾತಾಡಲ್ಲ, ಉಸಿರಿನ ತೇವ ಅಲಗಿಗೆ ತಾಗಬಾರದು ಅಂತ.

ನೀವು ಚಿತ್ರ ಬರೆಯುವವರು. ಅಲ್ಲಿನ ಜನ ಒಂದೊಂದು ಅಲಗಿನ ಹಾಮೊನನ್ನೂ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ ಇಡುತ್ತಾರೆ. ಒಂದು ಫೋಟೊ ಎದುರಿಗಿಟ್ಟುಕೊಂಡು ನೀವೂ ಬಿಡಿಸಿ ನೋಡಿ. ನಿಮ್ಮ ಕೈ ನನಗಿಂತ ಬೇಗ ಅದನ್ನು ಹಿಡಿಯುತ್ತದೆ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ಮಧುಗಿರಿ ಸೀಮೆಯಲ್ಲಿ ಹಿಂದೆ ಉಕ್ಕು ಮಾಡುತ್ತಿದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಜಪಾನಿನ ಉಕ್ಕಿಗೂ ನಮ್ಮದಕ್ಕೂ ಸಂಬಂಧ ಇದೆಯಾ? — ಮಧುಗಿರಿ

ಉತ್ತರ: ಅಜ್ಜಿ ಹೇಳಿದ್ದು ಸತ್ಯ. ಈ ಪತ್ರ ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿ ಊರೂರಿನ ಕೆಲಸಗಳನ್ನು ಬರೆದಿಟ್ಟ. ಮಧುಗಿರಿ ಕಡೆಯ ಕಬ್ಬಿಣ, ಉಕ್ಕಿನ ಕುಲುಮೆಗಳು ಅವನ ಬರಹದಲ್ಲಿ ಇವೆ. ಮಾಗಡಿ ಕಡೆ ಮಳೆಗಾಲದ ಹಳ್ಳಗಳಲ್ಲಿ ಕೂಡುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯೋದನ್ನೂ ಅವನು ನೋಡಿದ್ದ. ಒಕುಇಜುಮೊದಲ್ಲಿ ಕಬ್ಬಿಣದ ಮರಳು, ಇಲ್ಲೂ ಕಬ್ಬಿಣದ ಮರಳು. ಅಲ್ಲೂ ಇದ್ದಿಲು, ಇಲ್ಲೂ ಇದ್ದಿಲು.

ಆಮೇಲೆ ದಾರಿ ಬೇರೆ. ನಮ್ಮವರು ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯೊಳಗೆ ಇಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಹಾಕಿ, ಬಾಯಿ ಮುಚ್ಚಿ, ತಿದಿ ಒತ್ತಿ ಕಾಯಿಸುತ್ತಿದ್ದರು. ಕಡ್ಡಿ ಎಲೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕು ಕರಗಿ ಗಟ್ಟಿಯಾಗುತ್ತಿತ್ತು. ಹಳದಿ ಹೂವಿನ ಆ ತಂಗಡಿ ಇವತ್ತಿಗೂ ನಿಮ್ಮ ಊರಿನ ಬೇಲಿಯಲ್ಲಿ ಸಿಗುತ್ತದೆ. ಇಂಥ ಮೂಸೆ ಉಕ್ಕನ್ನೇ ಹೊರದೇಶದವರು ವೂಟ್ಜ್ ಅಂದರು. ಅದರಿಂದ ಮಾಡಿದ ಅಲಗಿನ ಮೇಲೆ ಕಾಣುವ ನೀರಿನ ಅಲೆಯಂಥ ಬರೆ ಮಡಚಿ ಬಂದದ್ದಲ್ಲ. ಮೂಸೆಯೊಳಗೆ ಉಕ್ಕು ನಿಧಾನವಾಗಿ ಗಟ್ಟಿಯಾಗುವಾಗ ಮೂಡಿದ್ದು, ಬಡಿಯುವಾಗ ಬೆಳೆದದ್ದು. ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಗೆ ವಾದ್ಯದವರ ನಡುವೆ ದೊಡ್ಡ ಹೆಸರಿತ್ತು.

ಎರಡರಲ್ಲಿ ಯಾವುದು ಮೇಲು ಅಂತ ನನ್ನನ್ನು ಕೇಳಬೇಡಿ. ಜಪಾನಿನವರು ತಮ್ಮ ಕುಲುಮೆಯನ್ನು ಉಳಿಸಿಕೊಂಡರು. ಅಲ್ಲಿ ಕತ್ತಿ ಮಾಡುವ ಲೈಸೆನ್ಸ್ ಬೇಕಾದರೆ ಗುರುವಿನ ಹತ್ತಿರ ಐದು ವರ್ಷ ಇರಬೇಕು. ಲೈಸೆನ್ಸ್ ಸಿಕ್ಕ ಮೇಲೂ ಉದ್ದನೆಯ ಕತ್ತಿ ತಿಂಗಳಿಗೆ ಎರಡೇ ಮಾಡಬೇಕು ಅಂತ ಸರ್ಕಾರದ ಕಟ್ಟು. ನಮ್ಮಲ್ಲಿ ಕುಲುಮೆ ಆರಿದ ಮೇಲೆ ಕಿಟ್ಟದ ಗುಡ್ಡೆ ಉಳಿದಿವೆ. ನಿಮ್ಮ ಊರಿನ ಸುತ್ತ ಕೆರೆಯಂಗಳದಲ್ಲಿ, ಹೊಲದ ಬದುವಿನಲ್ಲಿ ಕರ್ರಗೆ, ತೂತುತೂತಾಗಿ, ಕಲ್ಲಿಗಿಂತ ಭಾರದ ಗಟ್ಟಿ ಸಿಕ್ಕರೆ ಅದು ಯಾವ ಜಾಗ ಅಂತ ಬರೆದಿಟ್ಟುಕೊಳ್ಳಿ, ಫೋಟೊ ತೆಗೆದುಕೊಳ್ಳಿ. ಅಜ್ಜಿಗೆ ಕೇಳಿ ಗೊತ್ತಿದ್ದ ಜಾಗದ ಹೆಸರುಗಳನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

ಪ್ರಶ್ನೆ: ಆನ್‌ಲೈನಿನಲ್ಲಿ ಮೂರು ಸಾವಿರಕ್ಕೆ ಮಾಸಾಮುನೆ ಕತ್ತಿ ಅಂತ ತರಿಸಿದೆ. ಅಲಗಿನ ಮೇಲೆ ಅಲೆಯ ಗೆರೆಯೂ ಇದೆ. ಅಸಲಿಯಾ? — ಕೆಜಿಎಫ್

ಉತ್ತರ: ಅಲ್ಲ. ಮಾಸಾಮುನೆ ಇದ್ದದ್ದು ಸುಮಾರು 700 ವರ್ಷದ ಹಿಂದೆ. ಅವನ ಅಲಗುಗಳಲ್ಲಿ ಹೆಚ್ಚಿನವಕ್ಕೆ ಹೆಸರೇ ಇಲ್ಲ. ನಿಮ್ಮ ಗೆರೆ ಆಸಿಡ್ಡಿನಲ್ಲೋ ತಂತಿ ಬ್ರಷ್ಷಿನಲ್ಲೋ ಮಾಡಿದ್ದು. ಬಲ್ಬಿನ ಕೆಳಗೆ ಓರೆ ಮಾಡಿ ನೋಡಿ. ಅಸಲಿ ಗೆರೆ ಬೆಳಕಿನ ಜೊತೆ ಬಂದು ಹೋಗುತ್ತದೆ, ಇದು ಹೇಗೆ ತಿರುಗಿಸಿದರೂ ಒಂದೇ ಥರ ಬೂದಿ ಬಣ್ಣ. ಅದನ್ನು ಬೀಸಬೇಡಿ, ಇಂಥವುಗಳ ಹಿಡಿ ಕಳಚಿ ಅಲಗು ಹಾರುತ್ತದೆ.

ಪ್ರಶ್ನೆ: ನನ್ನದು ಸಣ್ಣ ಸಂಬಳ. ಹಳೆಯ ಜಪಾನಿ ಕತ್ತಿ ಸಂಗ್ರಹಿಸುವ ಆಸೆ. ಎಲ್ಲಿಂದ ಶುರು ಮಾಡಲಿ? — ಕೋಲಾರ

ಉತ್ತರ: ತ್ಸುಬಾದಿಂದ. ಹಿಡಿಗೂ ಅಲಗಿಗೂ ನಡುವೆ ಕೈ ಕಾಯೋಕೆ ಇರುವ ಬಿಲ್ಲೆಗೆ ತ್ಸುಬಾ ಅನ್ನುತ್ತಾರೆ. ನನ್ನ ಹತ್ತಿರ ಇರೋದೂ ಕತ್ತಿಯಲ್ಲ, ತ್ಸುಬಾಗಳೇ. ಮೊದಲನೆಯದು ಸಿಟಿಜನ್ ತರಬೇತಿಗೆ ಹೋಗಿ ಬಂದ ನಮ್ಮ ಹಿರಿಯರೊಬ್ಬರದು. ನಿವೃತ್ತರಾದಾಗ, ನೋಡಿಕೊಳ್ಳೋನು ನೀನೇ ಅಂತ ನನ್ನ ಕೈಗಿಟ್ಟರು.

ಅದು ಈಗ ಮೇಜಿನ ಮೇಲಿದೆ, ನೋಡಿ ಬರೆಯುತ್ತಿದ್ದೇನೆ. ಅಂಗೈಯಲ್ಲಿ ಕೂರುವಷ್ಟು ದುಂಡನೆ ಕಬ್ಬಿಣ. ಕಪ್ಪಗೆ, ಒಳಗೆ ಕಾಫಿ ಬಣ್ಣದ ಛಾಯೆ. ನಡುವೆ ಅಲಗು ತೂರುವ ಮೂರುಮೂಲೆಯ ಉದ್ದ ಕಿಂಡಿ. ಪಕ್ಕದಲ್ಲಿ ಸಣ್ಣ ಚಾಕು ತೂರಿಸಲು ಇನ್ನೊಂದು. ಮಿಕ್ಕ ಜಾಗದಲ್ಲಿ ಹಾರುವ ಎರಡು ಕೊಕ್ಕರೆ, ಕಬ್ಬಿಣವನ್ನೇ ಕೊರೆದು ಬಿಡಿಸಿದ್ದು. ರೆಕ್ಕೆಯ ಗರಿಯ ನಡುವೆ ಅರ ಆಡಿಸಿದ ಗುರುತು ಭೂತಗನ್ನಡಿಯಲ್ಲಿ ಕಾಣುತ್ತದೆ. ನಡುವಿನ ಕಿಂಡಿಯ ಎರಡು ತುದಿಗೆ ತಾಮ್ರದ ಚೂರು ಬಡಿದು ಕೂರಿಸಿದ್ದಾರೆ, ಅಲಗು ಅಲ್ಲಾಡದಿರಲಿ ಅಂತ. ಅಂದರೆ ಇದು ಒಂದು ಕಾಲದಲ್ಲಿ ನಿಜವಾದ ಕತ್ತಿಗೆ ಏರಿದ್ದ ತ್ಸುಬಾ. ಕಿಂಡಿಯ ಸುತ್ತ ಮಾತ್ರ ಮೈ ಸ್ವಲ್ಪ ಸವೆದಿದೆ. ಕೊಳ್ಳುವಾಗ ನೀವು ಹುಡುಕಬೇಕಾದ್ದೂ ಇವನ್ನೇ. ಎರಕದ ನಕಲಿಯಲ್ಲಿ ಕಿಂಡಿಗಳ ಒಳಬದಿ ಮೊಂಡು, ಸಣ್ಣ ಗುಳ್ಳೆ ತೂತು, ಅಂಚಿನಲ್ಲಿ ಅಚ್ಚಿನ ಗೆರೆ. ದಾರದಲ್ಲಿ ತೂಗಿಬಿಟ್ಟು ಉಗುರಿಂದ ತಟ್ಟಿದರೆ ಒಳ್ಳೆಯ ಬಡಿದ ಕಬ್ಬಿಣ ನಾದ ಕೊಡುತ್ತದೆ.

ಕಬ್ಬಿಣ ಅಲ್ಲದವೂ ಇವೆ. ತಾಮ್ರಕ್ಕೆ ಚೂರು ಚಿನ್ನ ಬೆರೆಸಿ ನೀಲಿಗಪ್ಪು ಬಣ್ಣ ಬರಿಸಿದ್ದು ಶಾಕುದೊ. ಬೆಳ್ಳಿ ಬೆರೆಸಿ ಬೂದು ಬಣ್ಣ ಬರಿಸಿದ್ದು ಶಿಬುಇಚಿ. 1876ರಲ್ಲಿ ಕತ್ತಿ ನಿಂತ ಮೇಲೆ ಈ ಕೆಲಸದವರ ಬದುಕೇ ಅಲ್ಲಾಡಿತು. ಹೂದಾನಿ, ಡಬ್ಬಿ, ಒಡವೆ ಕಡೆ ಹೊರಳಿದರು. ಜಪಾನಿನ ಮೊದಲ ಯೆನ್ ನಾಣ್ಯಗಳ ವಿನ್ಯಾಸ ಮಾಡಿದ ಕಾನೊ ನಾತ್ಸುಒ ಕೂಡ ತ್ಸುಬಾ ಕೆತ್ತುತ್ತಿದ್ದವನೇ.

ಕಬ್ಬಿಣದ ತ್ಸುಬಾಗೆ ಎಣ್ಣೆ ಬೇಡ, ಪಾಲಿಶ್ ಬೇಡ. ಬಿಡುವಾದಾಗ ಒಣ ಹತ್ತಿಬಟ್ಟೆಯಲ್ಲಿ ಸವರಿ ಇಡಿ. ವರ್ಷ ಕಳೆದಂತೆ ಕಪ್ಪು ಇನ್ನೂ ಆಳವಾಗುತ್ತದೆ. ಹೊರದೇಶದಿಂದ ತರಿಸುವ ಮೊದಲು ಕಸ್ಟಮ್ಸ್‌ನವರನ್ನು ಕೇಳಿ, ಕಾನೂನಿನಲ್ಲಿ ಆಯುಧದ ಬಿಡಿಭಾಗದ ಮಾತೂ ಬರುತ್ತದೆ. ದುಡ್ಡು ಕೂಡಿದಾಗ ಎರಡು ಸಾಧಾರಣದ್ದರ ಬದಲು ಒಂದು ಒಳ್ಳೆಯದು ಕೊಳ್ಳಿ. ಅದಕ್ಕೂ ಮೊದಲು ಪುಸ್ತಕ ಕೊಳ್ಳಿ. ನಾನು ದುಡ್ಡು ಹಾಕಿದ್ದು ಜಾಸ್ತಿ ಪುಸ್ತಕಕ್ಕೇ, ಅದರ ಬಗ್ಗೆ ಒಂದಿಷ್ಟೂ ಬೇಸರ ಇಲ್ಲ.

ಪ್ರಶ್ನೆ: ಜಪಾನಿಗೆ ಹೋಗುವಷ್ಟು ಅನುಕೂಲ ಇಲ್ಲ. ಇಲ್ಲೇ ಹತ್ತಿರದಲ್ಲಿ ಅಸಲಿ ಕತ್ತಿ ನೋಡೋಕೆ ಸಿಗುತ್ತಾ? — ಬಾಗೇಪಲ್ಲಿ

ಉತ್ತರ: ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ನಿಮ್ಮ ಊರಿನಿಂದ ಹೆದ್ದಾರಿ ನೇರ ಅಲ್ಲಿಗೇ ಹೋಗುತ್ತದೆ. ಅಲ್ಲಿ ಜಪಾನಿ ವಸ್ತುಗಳದ್ದೇ ವಿಭಾಗ ಇದೆ, ಸಮುರಾಯ್ ಕತ್ತಿಗಳೂ ಇವೆ. ಗಾಜಿನ ಎದುರು ನಿಂತು ನೋಡಬೇಡಿ. ಸ್ವಲ್ಪ ಮಂಡಿ ಬಗ್ಗಿಸಿ, ದೀಪದ ಹೊಳಪು ಅಲಗಿನ ಮೇಲೆ ಸಿಗುವವರೆಗೆ ಪಕ್ಕಕ್ಕೆ ಸರಿಯುತ್ತಾ ಹೋಗಿ. ಮೊದಲು ಒಟ್ಟು ಬಾಗು ನೋಡಿ, ಆಮೇಲೆ ಮೊನೆ, ಆಮೇಲೆ ಗೆರೆ ಸಿಗುತ್ತದಾ ಅಂತ ಹುಡುಕಿ. ಕತ್ತಿಯ ಜೊತೆ ಇಟ್ಟಿರುವ ಒರೆ, ಹಿಡಿಯ ಸುತ್ತು, ತ್ಸುಬಾ ಎಲ್ಲವನ್ನೂ ನೋಡಿ, ಅವೆಲ್ಲ ಬೇರೆ ಬೇರೆ ಕೆಲಸಗಾರರ ಕೈಯವು. ಅದೇ ಮ್ಯೂಸಿಯಂನಲ್ಲಿ ನಮ್ಮ ಕಡೆಯ ಆಯುಧಗಳೂ ಇವೆ, ಮೂಸೆ ಉಕ್ಕಿನ ಬರೆ ಕಾಣುತ್ತದಾ ನೋಡಿ. ಒಂದು ಇಡೀ ದಿನ ಇಟ್ಟುಕೊಳ್ಳಿ. ಶುಕ್ರವಾರ ಮ್ಯೂಸಿಯಂಗೆ ರಜೆ.